ಕಡಲೆಯ ಮುಂದೆ ಆಡಬಾರದ ಮಾತು

ಗುರುಸಂಗಪ್ಪನವರ ಮನೆಯಲ್ಲಿ ಕಡಲೆ ಇರುವಷ್ಟು ದಿನ ಯಾರೂ ಸಾಯುವಂತಿರಲಿಲ್ಲ. ಸಾಯುವುದು ಒತ್ತಟ್ಟಿಗಿರಲಿ, ಆ ಮಾತನ್ನು ಬಾಯಿಗೆ ತರುವಂತೆಯೇ ಇರಲಿಲ್ಲ. ಯಾವಗಲ್ ಊರಿನ ಎರೆಹೊಲದ ಕಡಲೆ ರಾಶಿಯಾಗಿ, ಟ್ರ್ಯಾಕ್ಟರು ಹತ್ತಿ ರೋಣದ ಮನೆಗೆ ಬಂದು, ಪಡಸಾಲೆಯ ಮಗ್ಗುಲಿನ ಖೋಲಿಯಲ್ಲಿ ಚೀಲಗಳಾಗಿ ಕೂತಿತೆಂದರೆ ಮನೆಮಂದಿಯ ನಾಲಿಗೆಗೆ ಕಟ್ಟು ಬೀಳುತ್ತಿತ್ತು. ಮೊದಲ ಚೀಲ ಹೊಸ್ತಿಲು ದಾಟಿ ಮಾರಾಟಕ್ಕೆ ಹೋಗುವ ತನಕ ಆ ಕಟ್ಟು ಬಿಚ್ಚುವ ಹಾಗಿಲ್ಲ. ಅಕ್ಕಿ ತೀರಿತು ಅನ್ನಬಾರದು, ಹೆಚ್ಚಾಯಿತು ಅನ್ನಬೇಕು. ದೀಪ ಆರಿತು ಅನ್ನಬಾರದು, ದೊಡ್ಡದಾಯಿತು ಅನ್ನಬೇಕು. ವಿಷ, ಹೆಣ, ಸಾವು, ಸುಡುಗಾಡು ಎಂದು ಯಾರಾದರೂ ಮರೆತು ಅಂದರೆ ಅವರ ಹೆಂಡತಿ ಚನ್ನವ್ವ ಅಡುಗೆಮನೆಯಿಂದಲೇ ಹಾರಿ ಬರುತ್ತಿದ್ದಳು.

"ಲಕ್ಷ್ಮಿ ಕುಂತಾಳ ಒಳಗ. ಆಕಿಗೇನು ಕಿವಿ ಇಲ್ಲಂತ ತಿಳದೀರೇನು?"

ಊರಿನ ಉಳಿದ ಮನೆಗಳಲ್ಲಿ ಈ ಕಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಅಲ್ಲಿ ರಾಶಿಯೇ ಮನೆಗೆ ಬರುವುದಿಲ್ಲ, ಹೊಲದಿಂದ ನೆಟ್ಟಗೆ ಮಾರ್ಕೆಟ್ಟಿಗೆ ಹೋಗುತ್ತದೆ. ಗುರುಸಂಗಪ್ಪನವರಿಗೂ ಮಾರ್ಕೆಟ್ಟಿನಲ್ಲಿ ಸ್ವಂತ ದಲಾಲಿ ಅಂಗಡಿ ಇತ್ತು, ಅದರ ಹಿಂದೆ ದೊಡ್ಡ ಗೋಡೌನೂ ಇತ್ತು. ಆದರೆ ಮಂದಿಯ ಮಾಲು ಗೋಡೌನಿಗೆ, ಸ್ವಂತ ಹೊಲದ್ದು ಮನೆಗೆ ಎಂಬುದು ಅವರ ಅಪ್ಪನ ಕಾಲದ ಪದ್ಧತಿ. ಮನೆಯ ಲಕ್ಷ್ಮಿಯನ್ನು ತಗಡಿನ ಶೆಡ್ಡಿನಲ್ಲಿ ಕೂಡಿಸುವುದು ಅವರ ಮನಸ್ಸಿಗೆ ಬರುತ್ತಿರಲಿಲ್ಲ.

ಈ ಮನೆಗೆ ಸೊಸೆಯಾಗಿ ಬಂದ ರೂಪಾ ಗಜೇಂದ್ರಗಡದವಳು. ಅಪ್ಪ ನೇಕಾರ. ಬಿಎಡ್ ಮುಗಿಸಿ ರೋಣದ ಒಂದು ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಸಂಜೆ ಓಣಿಯ ಮಕ್ಕಳನ್ನು ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಮಾತಾಡುವ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಚನ್ನವ್ವನಿಗೆ ಅದು ಒಂದು ಕಣ್ಣಿಗೆ ಬೇಕು, ಒಂದು ಕಣ್ಣಿಗೆ ಬೇಡ. ಸೊಸೆ ಟೀಚರ್ ಎಂದು ಹೇಳಿಕೊಳ್ಳಲು ಬೇಕು, ಸಂಜೆಯ ರೊಟ್ಟಿ ತಡವಾದಾಗ ಬೇಡ.

ಆ ಬೇಸಿಗೆಯಲ್ಲಿ ಒಂದು ಸಂಜೆ ಪಾಠ ಶುರುವಾಯಿತು: ಅಪಾಯ ಇದ್ದಾಗ ಮಂದಿಗೆ ಎಚ್ಚರಿಕೆ ಕೊಡುವ ಮಾತುಗಳು.

"ವಾಚ್ ಔಟ್!" ಎಂದಳು ರೂಪಾ.

"ವಾಚ್ ಔಟ್!" ಮಕ್ಕಳು ಕೂಗಿದವು.

"ಮೈಂಡ್ ಯುವರ್ ಹೆಡ್! ಸ್ಟೇ ಬ್ಯಾಕ್! ಡೇಂಜರ್, ಕೀಪ್ ಔಟ್!"

ಬಾಗಿಲಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಚನ್ನವ್ವ ಮೊಮ್ಮಗಳು ಪೂಜಾಳನ್ನು ಕರೆದಳು. "ಏನಂತಾಳಬೇ ನಿಮ್ಮವ್ವ?"

"ಹುಷಾರ್ ಅಂತ ಹೇಳೂದು ಅಜ್ಜಿ. ಡೇಂಜರ್ ಅಂದ್ರ ಅಲ್ಲಿ ಹೋದ್ರ ಸಾಯ್…"

ಚನ್ನವ್ವ ತಟ್ಟನೆ ಅವಳ ಬಾಯಿ ಮುಚ್ಚಿದಳು. ಆಮೇಲೆ ತಾನೇ ನಕ್ಕಳು. "ಕನ್ನಡದಾಗ ಅನಬ್ಯಾಡ ನನ್ನವ್ವಾ. ಇಂಗ್ಲೀಷಿನ್ಯಾಗ ಏನ್ ಬೇಕಾದ್ದು ಅಂದುಕೋ. ಲಕ್ಷ್ಮಿಗೆ ಇಂಗ್ಲೀಷ್ ತಿಳಿಯೂದಿಲ್ಲ."

ಎಲ್ಲರೂ ನಕ್ಕರು. ಹೆರಿಗೆಗೆಂದು ನರಗುಂದದಿಂದ ತವರಿಗೆ ಬಂದಿದ್ದ ಮಗಳು ಸುವರ್ಣಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನಗೂ ತಿಳಿಯೂದಿಲ್ಲ ಬಿಡಬೇ ಅವ್ವಾ" ಎಂದಳು. ಅವಳನ್ನು ಏಳನೆಯ ತರಗತಿಗೇ ಸಾಲಿ ಬಿಡಿಸಿದ್ದರು.

ಅಂದಿನಿಂದ ಆ ಮಾತುಗಳು ಮನೆಯೊಳಗೆ ಬಂದವು. ದನದ ಮನೆಯ ಗಿಡ್ಡ ಬಾಗಿಲಲ್ಲಿ ಗುರುಸಂಗಪ್ಪನವರು ಬಗ್ಗುವಾಗ ಚನ್ನವ್ವ "ಮೈಂಡ್ ಯುವರ್ ಹೆಡ್ಡು" ಅನ್ನುವಳು. ಹಾಲು ಉಕ್ಕಿದರೆ "ವಾಚ್ ಔಟ್" ಎಂದು ಸುವರ್ಣಾ ಕೂಗುವಳು. ಗುರುಸಂಗಪ್ಪನವರು ಸಹ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತ, "ಡೇಂಜರ್ ಬಂತು ನೋಡ್ರಿ" ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು. ರೂಪಾಳಿಗೆ ಖುಷಿಯಾಯಿತು. ಮದುವೆಯಾಗಿ ಬಂದ ಮೇಲೆ ಅತ್ತೆ ತನ್ನದೊಂದನ್ನು ಬಾಯ್ತುಂಬ ತೆಗೆದುಕೊಂಡದ್ದು ಇದೇ ಮೊದಲು.

ಸುವರ್ಣಾಳಿಗೆ ಹೆಣ್ಣು ಕೂಸು ಹುಟ್ಟಿತು. ದವಾಖಾನೆಯಿಂದ ಬಂದ ಬಾಣಂತಿಯನ್ನು ಕಡಲೆ ಖೋಲಿಯ ಮಗ್ಗುಲಿನ ಖೋಲಿಯಲ್ಲಿ ಮಲಗಿಸಿದರು. ಮನೆಯಲ್ಲಿ ಅದೇ ಬೆಚ್ಚನೆಯ ಜಾಗ. ಎರಡು ಖೋಲಿಗಳ ನಡುವೆ ಹಳೆಯ ಹಲಗೆ ಬಾಗಿಲು, ಅದರ ಕೆಳಗೆ ಬೆಕ್ಕು ತಲೆ ತೂರಿಸುವಷ್ಟು ಸಂದು. ಬಾಣಂತಿಗೆ ಗಾಳಿ ತಾಗಬಾರದೆಂದು ಚನ್ನವ್ವ ಅಲ್ಲಿದ್ದ ಒಂದೇ ಕಿಟಕಿಗೆ ಕೌದಿ ಕಟ್ಟಿದಳು. ದಿನಾ ಬಿಸಿನೀರು, ಲೋಬಾನದ ಹೊಗೆ, ಊಟಕ್ಕೆ ಬೆಳ್ಳುಳ್ಳಿ ಹಾಕಿದ ಸಾರು, ಬೆಳ್ಳುಳ್ಳಿ ಹುರಿದ ತುಪ್ಪ, ಮತ್ತೆ ಬಾಯಾಡಿಸಲು ಸುಟ್ಟ ಬೆಳ್ಳುಳ್ಳಿ. ಮನೆ ಪೂರ್ತಿ ಅದೇ ವಾಸನೆ.

ಮೊದಲ ಮಳೆ ಬಿದ್ದು ಮನೆ ತಂಪಾಗುತ್ತಲೂ ಕಡಲೆಯಲ್ಲಿ ಹುಳು ಎದ್ದವು.

"ಅಪ್ಪಾ, ಮೂಲಿ ಚೀಲದಾಗ ಕೈ ಹಾಕಿದ್ರ ಬರೇ ಹಿಟ್ಟ ಬರಾಕತ್ತೈತಿ" ಎಂದ ಶಶಿಕಾಂತ ಊಟಕ್ಕೆ ಕೂತಾಗ. ಅವನು ಗುರುಸಂಗಪ್ಪನವರ ಒಬ್ಬನೇ ಮಗ, ರೂಪಾಳ ಗಂಡ. "ಈಗ ಕೊಟ್ಟಬಿಡೂಣು."

"ದರಾ ಏರೂ ಹೊತ್ತಿನ್ಯಾಗ ಕೊಡಂತಿ? ಶ್ರಾವಣಾ ಬರ್ಲಿ."

"ಶ್ರಾವಣದ ತನಾ ಕಡ್ಲಿ ಇರ್ಬೇಕಲ್ಲ?"

"ಇರ್ತೈತಿ. ಹೂವಪ್ಪಗ ಹೇಳೀನಿ, ಗುಳಿಗಿ ತರ್ತಾನ."

ರೊಟ್ಟಿ ಬಡಿಸುತ್ತಿದ್ದ ರೂಪಾ ಕೇಳಿದಳು. "ಗೋಡೌನಿಗೆ ಹಾಕ್ತೀರಲ್ರಿ ಮಾವಾರ, ಆ ಗುಳಿಗೀನ?"

"ಹೂಂ, ಅವ."

"ಅದಕ್ಕ ಹಸಿ ತಾಗಿದ್ರ ಗಾಳಿ ಬಿಡ್ತೈತಂತ್ರಿ. ಮಗ್ಗಲಕ್ಕ ಬಾಣಂತಿ ಅದಾಳ, ಕೂಸ ಐತಿ. ಅದು ವಿ…"

"ರೂಪಾ!" ಚನ್ನವ್ವ ಒದರಿದ್ದಕ್ಕೆ ತಾಟಿನ ಮೇಲೆ ಕೂತ ನೊಣ ಎದ್ದಿತು. "ನಾಲಿಗಿ ಬಿಗಿ ಹಿಡಿ. ಬಾಗಲದ ಆಚಿಗೇ ರಾಶಿ ಐತಿ. ಮ್ಯಾಲ ಹಸಿ ಬಾಣಂತಿ. ಅನ್ನಲೇಬೇಕಂದ್ರ ಇಂಗ್ಲೀಷಿನ್ಯಾಗ ಅನ್ನು."

ರೂಪಾ ಮಾವನ ಮುಖ ನೋಡಿದಳು. ಅವರೂ ಕಾಯುತ್ತಿದ್ದರು.

"ಪಾಯ್ಸನ್ ಗ್ಯಾಸ್ ಐತ್ರಿ. ವೆರಿ ಡೇಂಜರಸ್."

"ಹೌದೌದು" ಎಂದು ಗುರುಸಂಗಪ್ಪನವರು ತಲೆದೂಗಿದರು. ಯಾರೋ ಚಲೋ ಹಾಡು ಹಾಡಿದಾಗ ತೂಗುವಂತೆ ತೂಗಿದರು. "ಡೇಂಜರ್ ಇರದಿದ್ರ ಹುಳಾ ಹ್ಯಾಂಗ ಹೋಗ್ತಾವು? ಸ್ವಲ್ಪ ಮಜ್ಜಿಗಿ ಹಾಕು."

ಹೂವಪ್ಪ ಅವರ ಅಂಗಡಿಯ ಹಮಾಲ. ಮರುದಿನ ಅವನು ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ತಂದು ಕೊಟ್ಟು ಹೋದ. ಗುರುಸಂಗಪ್ಪನವರೇ ಮೂಗಿಗೆ ಟಾವೆಲ್ ಕಟ್ಟಿಕೊಂಡು ಚೀಲಗಳ ನಡುವೆ ಇಟ್ಟು, ಮೇಲೆ ತಾಡಪತ್ರಿ ಹೊದಿಸಿ, ಪಡಸಾಲೆಯ ಕಡೆಯ ಬಾಗಿಲಿಗೆ ಕೀಲಿ ಹಾಕಿದರು. ಹೊರಗೆ ಬಂದು ಸೊಸೆಯನ್ನು ಕರೆದರು.

"ನೀ ಅಂದಿದ್ದನ್ನ ಒಂದ ಹಾಳಿ ಮ್ಯಾಲ ಬರದು ಇಲ್ಲಿ ಹಚ್ಚು. ಯಾರಿಗ್ಯಾಕ ತ್ರಾಸು, ಎಲ್ಲಾರೂ ದೂರ ಇರ್ತಾರ."

ರೂಪಾ ಕೆಂಪು ಸ್ಕೆಚ್ ಪೆನ್ನಿನಿಂದ ಬರೆದಳು. ಡೇಂಜರ್, ಕೀಪ್ ಔಟ್. ದಪ್ಪ ಇಂಗ್ಲಿಷ್ ಅಕ್ಷರ. ಶುಕ್ರವಾರ ಚನ್ನವ್ವ ಹೊಸ್ತಿಲ ಪೂಜೆ ಮಾಡುವಾಗ ಆ ಹಾಳೆಗೂ ಒಂದು ಬೊಟ್ಟು ಕುಂಕುಮ ಹಚ್ಚಿದಳು. ಬಾಣಂತಿಯನ್ನು ನೋಡಲು ಬಂದ ಹೆಂಗಸರಿಗೆಲ್ಲ ತೋರಿಸಿದಳು, "ನಮ್ಮ ರೂಪಾ ಬರದದ್ದು" ಎಂದು. ಈ ಕತೆ ಹೇಳುತ್ತಿರುವ ನನಗೆ ಸಿಟ್ಟು ಬರುವುದು ಇಲ್ಲಿಯೇ. ಬಂದ ಹೆಂಗಸರೆಲ್ಲ ಚಂದ ಐತಿ ಅಂದರೇ ಹೊರತು, ಏನು ಬರೆದಿದೆ ಎಂದು ಒಬ್ಬಳೂ ಕೇಳಲಿಲ್ಲ.

ಮುಂಜಾನೆ ಶಶಿಕಾಂತ ಚಹಾ ಕುಡಿಯುತ್ತ ಕೂತಿದ್ದಾಗ ರೂಪಾ ಡಬ್ಬಿ ಕಟ್ಟುತ್ತಲೇ ಕೇಳಿದಳು.

"ಗೋಡೌನಿನ್ಯಾಗ ಗುಳಿಗಿ ಹಾಕಿದ ಮ್ಯಾಲ ಏನ್ ಮಾಡ್ತೀರಿ?"

"ಬಾಗಲಾ ಹಾಕಿ ಬರ್ತೀವಿ."

"ಮತ್ತ ಯಾವಾಗ ತಗೀತೀರಿ?"

"ವಾರ ಬಿಟ್ಟು. ತಗದು ಗಾಳಿಗೆ ಬಿಡ್ತೀವಿ."

"ಆ ವಾರದಾಗ ಹಮಾಲ್ರು ಒಳಗ ಮಲಗ್ತಾರೇನು?"

ಶಶಿಕಾಂತ ಬಸಿಯಲ್ಲಿದ್ದ ಚಹಾ ಊದಿದ. "ಗೋಡೌನಿನ್ಯಾಗ ಭಾಳ ಹಾಕ್ತೀವಿ. ಇಲ್ಲಿ ಸ್ವಲ್ಪ."

"ಅಲ್ಲಿ ಹಮಾಲ್ರ ಸಲುವಾಗಿ ಹೆದರ್ತೀರಿ. ಇಲ್ಲಿ ತಂಗಿ ಸಲುವಾಗಿ ಹೆದ್ರಿಕಿ ಇಲ್ಲೇನು? ಅಪ್ಪಾರಿಗೆ ಬಿಡಿಸಿ ಹೇಳ್ರಿ."

"ನೀನ ಹೇಳು. ನಿನ್ನ ಮಾತಿಗೆ ಗೋಣು ಹಾಕ್ತಾರ."

"ಗೋಣು ಹಾಕ್ತಾರ, ಕೇಳೂದಿಲ್ಲ. ನೀವು ಮಗಾ ಅದೀರಿ."

"ಮಗಾ ಅದೀನಿ ಅಂತನ ಹೇಳಾಕ ಆಗೂದಿಲ್ಲ" ಎಂದು ಅವನು ಬಸಿ ಕೆಳಗಿಟ್ಟ. "ರಾಶಿ ಮನ್ಯಾಗಿಂದ ಎತ್ತಸು ಅಂದ್ರ, ನಾ ಇನ್ನೂ ಅದೀನಿ, ಅವಸರಾ ಮಾಡಬ್ಯಾಡ ಅಂತಾರ. ಹೋದ ವರ್ಷ ಅಂದಿದ್ರಲ್ಲ. ನಾಳೆ ನೋಡೂಣಂತ."

ಆ ನಾಳೆ ಮಳೆ ಜೋರಾಯಿತು. ಮಾಳಿಗೆಯ ಮೇಲಿನ ಬೆಳಕಿಂಡಿಗಳಿಂದ ನೀರು ಸೋರಿ ಕಡಲೆ ಚೀಲದ ಮೇಲೆ ಬೀಳಬಾರದೆಂದು ಗುರುಸಂಗಪ್ಪನವರು ಅವಕ್ಕೆಲ್ಲ ತಗಡು ಮುಚ್ಚಿಸಿದರು. ಹಗಲಲ್ಲೇ ಮನೆ ಕತ್ತಲಾಯಿತು. ಬಾಣಂತಿ ಖೋಲಿಯಲ್ಲಿ ಬೆಳ್ಳುಳ್ಳಿ ವಾಸನೆ ಮೊದಲಿಗಿಂತ ಗಡುಸಾಯಿತು. ಗುಳಿಗೆಯ ಗಾಳಿಗೂ ಅಂಥದೇ ವಾಸನೆ, ಆದರೆ ಅದು ಬೆಳ್ಳುಳ್ಳಿಯದಲ್ಲ ಎಂದು ಆ ಮನೆಯಲ್ಲಿ ಯಾರಿಗೆ ಅನುಮಾನ ಬಂದೀತು? ಒಲೆಯ ಮೇಲೆ ಅದೇ ಕುದಿಯುತ್ತಿತ್ತು.

"ಅವ್ವಾ, ತಲಿ ಭಾಳ ನೋಯಾಕತ್ತೈತಿ" ಎಂದಳು ಸುವರ್ಣಾ. ಉಂಡದ್ದನ್ನು ಕಾರಿಕೊಂಡಳು.

"ಪಿತ್ತ ಆಗೈತಿ. ಸ್ವಲ್ಪ ಜೀರಿಗಿ ಕಷಾಯ ಕುಡಿ."

ಮರುದಿನವೂ ಕಾರಿಕೊಂಡಳು. ಚನ್ನವ್ವ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ಕೂಸು ಮಾತ್ರ ಸುಮ್ಮನಾಗಿತ್ತು. ಮೊದಲು ಮನೆ ಕಿತ್ತುಹೋಗುವಂತೆ ಅಳುತ್ತಿದ್ದದ್ದು ಈಗ ಹೊತ್ತುಗಟ್ಟಲೆ ಮಲಗುತ್ತಿತ್ತು.

"ಶಾಣ್ಯಾ ಆಗೈತಿ ನನ್ನ ಕೂಸು" ಎಂದು ಚನ್ನವ್ವ ನೆಟಿಕೆ ಮುರಿದಳು. "ಅವ್ವಗ ಆರಾಮಿಲ್ಲಂತ ಅದಕ್ಕೂ ತಿಳದೈತಿ."

ಆ ಮಾತು ಕೇಳಿದ ರೂಪಾ ಊಟಕ್ಕೆ ಕೂತಾಗ ಗುಳಿಗೆಯ ಮಾತನ್ನು ಮತ್ತೆ ತೆಗೆದಳು.

"ಅತ್ತೀ, ಸುವರ್ಣಾನ ಮುಂದಿನ ನಮ್ಮ ಖೋಲಿಗೆ ಕರಕೊಂಡು ಬರೂಣ್ರಿ. ನಾವು ಪಡಸಾಲ್ಯಾಗ ಮಲಗ್ತೀವಿ."

"ಬಾಣಂತಿನ ತಂದು ಬೀದಿ ಗಾಳಿಗೆ ಕುಂದ್ರಸಲೇನು? ಮಳಿ ಹ್ಯಾಂಗ ಹೊಡ್ಯಾಕತ್ತೈತಿ, ಕಾಣೂದಿಲ್ಲ?"

"ಅಲ್ಲಿ ಇಟ್ಟಿದ್ದು ಡೇಂಜರ್ ಐತ್ರಿ ಅತ್ತೀ. ನಿನ್ನೇನೂ ಹೇಳೀನಿ, ಮೊನ್ನೇನೂ ಹೇಳೀನಿ."

"ಡೇಂಜರ್ ಡೇಂಜರ್ ಡೇಂಜರ್!" ಚನ್ನವ್ವ ಕೈ ಬೀಸಿದಳು. "ನೋಡು, ನಾನೂ ಅಂದೆ. ಏನಾತು? ಸಾಲ್ಯಾಗ ಹುಡುಗೂರಿಗೆ ಅಂದಂಗ ನನ್ನ ಮುಂದ ಅನಬ್ಯಾಡ."

ಗುರುಸಂಗಪ್ಪನವರು ನಕ್ಕರು. ಶಶಿಕಾಂತ ತಾಟಿನಲ್ಲಿ ಗೆರೆ ಕೊರೆಯುತ್ತ ಕೂತ. ಕನ್ನಡದ ಆ ಮಾತು ರೂಪಾಳ ಗಂಟಲ ತನಕ ಬಂತು. ಒಂದು ಸಲ ಅಂದುಬಿಡಬೇಕು, ಏನಾದರೂ ಆಗಲಿ ಅನ್ನಿಸಿತು. ಆದರೆ ಅಂದ ಮೇಲೆ ಗುಳಿಗೆಯಿಂದ ಏನೂ ಆಗದಿದ್ದರೆ? ಕೂಸಿಗೆ ನೆಗಡಿ ಬಂದರೂ, ಕಡಲೆಯ ದರ ಇಳಿದರೂ, ಆಕಳು ಹಾಲು ಕಡಿಮೆ ಕೊಟ್ಟರೂ ಆಯುಷ್ಯಪೂರ್ತಿ ತನ್ನ ನಾಲಿಗೆಯ ಮೇಲೇ ಬರುತ್ತದೆ. ಅವಳು ಮಾತು ನುಂಗಿ ಸಾರಿನ ಪಾತ್ರೆ ಎತ್ತಿದಳು.

"ಪೂಜಾಗರ ಏನಾಗೈತಿ?" ಚನ್ನವ್ವನ ದೂರು ಮುಗಿದಿರಲಿಲ್ಲ. "ಮೊದಮೊದಲು ಕೂಸಿನ ಬಿಟ್ಟು ಏಳ್ತಿದ್ದಿಲ್ಲ. ಈಗ ಸುವರ್ಣತ್ತಿ ಖೋಲಿಗೆ ಬಾ ಅಂದ್ರ ಹಿತ್ತಲಕ್ಕ ಓಡ್ತಾಳ."

ಪೂಜಾ ತಲೆ ಎತ್ತದೆ ಅನ್ನ ಕಲಸಿದಳು.

ಅದರ ಮರುದಿನ ಮಧ್ಯಾಹ್ನ. ಕೂಸಿಗೂ ಬಾಣಂತಿಗೂ ಎರೆದು, ಹೊಗೆ ಹಾಕಿ, ಕೌದಿ ಹೊದಿಸಿ, ಬಾಗಿಲು ಮುಂದೆ ಮಾಡಿ ಚನ್ನವ್ವ ತಾನೂ ಅಡುಗೆಮನೆಯಲ್ಲಿ ತಲೆ ಸುತ್ತುತ್ತದೆಂದು ಮಲಗಿದ್ದಳು. ಗುರುಸಂಗಪ್ಪನವರು ಪಡಸಾಲೆಯಲ್ಲಿ ತೂಕಡಿಸುತ್ತಿದ್ದರು. ಮಳೆಯ ಸಲುವಾಗಿ ಶಾಲೆ ಲಗೂ ಬಿಟ್ಟು ರೂಪಾ ಮನೆಗೆ ಬಂದಳು. ಹೊರಗಿನ ಗಾಳಿಯಿಂದ ಒಳಗೆ ಕಾಲಿಟ್ಟವಳಿಗೆ ಆ ವಾಸನೆ ಮುಖಕ್ಕೆ ಹೊಡೆಯಿತು. ಒಲೆ ಆರಿತ್ತು. ಅಂದು ಯಾರೂ ಬೆಳ್ಳುಳ್ಳಿ ಕುದಿಸಿರಲಿಲ್ಲ.

ಬಾಣಂತಿ ಖೋಲಿಯ ಬಾಗಿಲು ತಳ್ಳಿದಳು. ಸುವರ್ಣಾ ಕಣ್ಣು ಅರ್ಧ ತೆರೆದು ಗೋಡೆ ನೋಡುತ್ತಿದ್ದಳು. ರೂಪಾ ಕೂಸನ್ನು ಎತ್ತಿಕೊಂಡಳು. ಅದರ ಕೈ ಕೆಳಗೆ ಜೋತುಬಿತ್ತು, ತುಟಿ ನೇರಳೆಯಾಗಿತ್ತು.

"ವಿಷಾ!" ರೂಪಾ ಕಿರಿಚಿದಳು. "ವಿಷಾ ಐತಿ ಮನ್ಯಾಗ! ಕೂಸು ಸಾಯಾಕತ್ತೈತಿ! ಹೊರಗ ಬರ್ರಿ ಎಲ್ಲಾರೂ, ಸಾಯ್ತೀರಿ, ಸತ್ತ ಹೋಗ್ತೀರಿ!"

ಅಷ್ಟು ದಿನ ತಲೆ ಎತ್ತಲಾರದೆ ಮಲಗಿದ್ದ ಸುವರ್ಣಾ ಹಾಸಿಗೆಯಿಂದ ಎದ್ದು, ಗೋಡೆ ಹಿಡಿಯುತ್ತ, ಸೀರೆ ಕಾಲಿಗೆ ಸುತ್ತಿ ಬೀಳುತ್ತ ಏಳುತ್ತ ಬೀದಿಗೆ ಓಡಿದಳು. ಚನ್ನವ್ವ ಓಡಿದಳು. ಗುರುಸಂಗಪ್ಪನವರು ಬರಿತಲೆಯಲ್ಲಿ, ಬರಿಗಾಲಲ್ಲಿ ಓಡಿದರು. ಎದುರು ಮನೆಯವರು, ಮಗ್ಗುಲು ಮನೆಯವರು ಓಡಿ ಬಂದರು. ಏನು, ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಓಣಿಯ ಕಾಶೀಂಸಾಬನ ಆಟೋದಲ್ಲಿ ದವಾಖಾನೆಗೆ ಹೋದರು. ಅಲ್ಲಿಂದ ಗದಗಕ್ಕೆ ಒಯ್ಯಿರಿ ಅಂದರು. ಕೂಸು ಗದಗ ಮುಟ್ಟಲಿಲ್ಲ. ಸುವರ್ಣಾ ಉಳಿದಳು.

ಹೆಸರಿಡದ ಕೂಸಿಗೆ ಹೆಚ್ಚಿನ ಕ್ರಿಯೆ ಇರುವುದಿಲ್ಲ. ಮನೆಯಲ್ಲಿ ಒಲೆ ಹೊತ್ತಲಿಲ್ಲ, ಓಣಿಯವರು ರೊಟ್ಟಿ, ಪುಂಡಿಪಲ್ಯ ತಂದಿಟ್ಟರು. ಯಾರೂ ಅದಕ್ಕೆ ಕೈ ಹಚ್ಚಲಿಲ್ಲ. ಗುರುಸಂಗಪ್ಪನವರು ಹಮಾಲರನ್ನು ಕರೆಸಿ ಕಡಲೆಯನ್ನೆಲ್ಲ ಹೊರಗೆ ಹೊರಿಸಿದರು. ಬೆಳಕಿಂಡಿಯ ತಗಡು ತಾವೇ ಹತ್ತಿ ಕಿತ್ತರು. ಗೋಡೌನಿನ ಬಾಗಿಲನ್ನು ವಾರಗಟ್ಟಲೆ ಮುಚ್ಚಿಸುತ್ತಿದ್ದ ಮನುಷ್ಯ ಅವರೇ. ಅಪ್ಪ ಮಗ ಒಂದೇ ಪಡಸಾಲೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತರು.

ಮಾತಾಡಿದವಳು ಚನ್ನವ್ವ.

"ರಾಶಿ ಮುಂದ ಅಂದ್ಲು" ಎಂದು ಬಂದವರೆದುರು ಅತ್ತಳು. "ಹಾಡಾ ಹಗಲು, ಕೂಸಿನ ಕೈಯಾಗ ಹಿಡಕೊಂಡು, ಬಾಯಿ ತುಂಬ ಅಂದ್ಲು. ಅಲ್ಲೀ ತನಾ ಉಸರ ಇತ್ತು ನನ್ನ ಕೂಸಿಗೆ."

"ಅತ್ತೀ, ನಾ ಅನ್ನೂದಕ್ಕಿಂತ ಮೊದಲ…"

"ಅನ್ನಬ್ಯಾಡಂತ ಎಷ್ಟ ಸಲ ಹೇಳಿದ್ದೆ ನಿನಗ?"

ರೂಪಾ ಗಂಡನ ಕಡೆ ನೋಡಿದಳು. ಅವನು ಎದ್ದು ಹೊರಗೆ ಹೋದ.

ನರಗುಂದಕ್ಕೆ ಮರಳುವ ದಿನವೇ ಸುವರ್ಣಾಳಿಗೆ ಎದೆಹಾಲು ಕಟ್ಟಿ ಜ್ವರ ಬಂತು. ಹಾಲು ಬತ್ತಲಿ ಎಂದು ಮಲ್ಲಿಗೆ ಹೂವು ಕಟ್ಟಬೇಕು. ಚನ್ನವ್ವ ಹೂವು ತರಿಸಿದಳೇ ಹೊರತು ಕಟ್ಟಲು ಕೈ ಬರಲಿಲ್ಲ, ಅಳುತ್ತ ಒಳಗೆ ಹೋದಳು. ರೂಪಾ ಬಿಡಿಹೂವುಗಳನ್ನು ಅರಿವೆಯಲ್ಲಿ ಹಾಸಿ, ನಾದಿನಿಯ ಎದೆಗೆ ಸುತ್ತಿ, ಬೆನ್ನ ಹಿಂದೆ ಗಂಟು ಹಾಕತೊಡಗಿದಳು. ಸುವರ್ಣಾ ಎಷ್ಟೋ ದಿನದ ಮೇಲೆ ಬಾಯಿ ತೆರೆದಳು.

"ವೈನೀ, ಅವತ್ತ ನೀವು ಕೂಗಿದ್ದು ಕೇಳಿ ಎದ್ದ ಓಡಿ ಬಂದೆ. ಕಾಲಾಗ ಬಲ ಇದ್ದಿದ್ದಿಲ್ಲ. ಅಂಜಿಕೀನ ನನ್ನ ಎತ್ತಕೊಂಡು ಬಂತು."

"ಮಾತಾಡಬ್ಯಾಡ. ಜ್ವರಾ ಏರ್ತೈತಿ."

"ಅವ್ವ ಅಂತಾಳ, ಆಕಿ ಯಾಕ ಅಂದ್ಲು ಅಂತ. ನನಗ ಅದು ಬ್ಯಾಡ. ಅಷ್ಟ ದಿನಾ ಯಾಕ ಅನ್ನಲಿಲ್ಲ ನೀವು?"

ರೂಪಾ ಗಂಟು ಬಿಗಿದಳು. "ದಿನಾ ಹೇಳ್ತಿದ್ದೆನಲ್ಲ ಸುವರ್ಣಾ. ಡೇಂಜರ್ ಐತಿ ಅಂತ ದಿನಾ…"

"ಅದನ್ನ ಕೇಳಿ ನಾ ನಗತಿದ್ದೆ."

ಅಂಗಳದಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಯಾರೋ ಕೂಗಿದರು. ಸುವರ್ಣಾ ತಿರುಗಿ ನೋಡಲಿಲ್ಲ, ಬೆನ್ನು ಮಾಡಿಯೇ ಕೂತಿದ್ದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಪೂಜಾ ಹೇಳಿದ್ಲು ವೈನೀ. ಗುಳಿಗಿ ಇಟ್ಟ ದಿನಾನ ಆಕೀನ ಹಿತ್ತಲಕ್ಕ ಕರಕೊಂಡು ಹೋಗಿ ಹೇಳಿದ್ರಂತಲ್ಲ, ಅತ್ತಿ ಖೋಲಿಗೆ ಹೋಗಬ್ಯಾಡ, ಹೋದ್ರ ಸಾಯ್ತಿ ಅಂತ. ಕನ್ನಡದಾಗ."